ಎತ್ತಿ ಹಿಡಿದ ಗಳ

ಇಚಲಕರಂಜಿಯಲ್ಲಿ ಮಗ್ಗದ ಸದ್ದು ಕೇಳದ ಜಾಗ ಹುಡುಕುವುದು ಕಷ್ಟ. ಊರಿನವರು ಮನೆಯೊಳಗೆ ಚಹಾ ಕುಡಿಯುತ್ತ ಮಾತಾಡುವಾಗಲೂ ಜಗಳಕ್ಕೆ ನಿಂತವರಂತೆ ಕೂಗುತ್ತಾರೆ. ಹೊಸ ಸೊಸೆಯಂದಿರು ಮೊದಮೊದಲು ಬೆದರುತ್ತಾರೆ, ವರ್ಷ ತುಂಬುವುದರೊಳಗೆ ತಾವೂ ಕೂಗಲು ಕಲಿಯುತ್ತಾರೆ. ಶಾಲನ ಮಗದುಮ ಮಾತ್ರ ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಅದನ್ನು ಕಲಿಯಲಿಲ್ಲ. ಅವಳಿಗೆ ಸದ್ದಿಲ್ಲದ ಜಾಗವೊಂದು ಸಿಕ್ಕಿತ್ತು. ಊರಾಚೆ ಗಂಡನ ಮನೆಯವರದೊಂದು ಸವಳು ಹೊಲವಿತ್ತು. ಹಿಂದಿನವರು ಕಬ್ಬಿಗೆಂದು ನೀರು ಬಿಟ್ಟೂ ಬಿಟ್ಟೂ ಮಣ್ಣೆಲ್ಲ ಉಪ್ಪಾಗಿ, ಹುಲ್ಲು ಕೂಡ ಮನಸ್ಸಿಲ್ಲದೆ ಬೆಳೆಯುವ ನೆಲ ಅದು. ಅಲ್ಲಿ ಅವಳು ದಿನಾ ಬೆಳಿಗ್ಗೆ ಒಂದು ಕುದುರೆಗೆ ನೆಟ್ಟಗೆ ನಡೆಯಲು ಕಲಿಸುತ್ತಿದ್ದಳು.

ಮಗ್ಗದ ಮಾಲಕನ ಹೆಂಡತಿಗೆ ಕುದುರೆಯ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಿದವರು ಬಹಳ. ಹುಚ್ಚು ಮದುವೆಗಿಂತ ಹಳೆಯದು. ಶಾಲನ ನೇಸರಿಯ ಜೈನ ರೈತರ ಮನೆಯ ಹುಡುಗಿ. ಕೊಲ್ಹಾಪುರದಲ್ಲಿ ಓದುವಾಗ ಹಾಸ್ಟೆಲಿನ ಹಿಂದಿನ ಮೈದಾನದಲ್ಲಿ ದಾದಾಸಾಹೇಬರೆಂಬುವರು ಸವಾರಿ ಕಲಿಸುತ್ತಿದ್ದರು. ಸೈನ್ಯದ ಕುದುರೆ ದಳದಿಂದ ನಿವೃತ್ತರಾಗಿ ಬಂದವರು, ಮೀಸೆ ದೊಡ್ಡದು, ಮಾತು ಕಡಿಮೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದವಳು ಒಂದು ದಿನ ಕೆಳಗಿಳಿದು ಹೋದಳು, ಇನ್ನೊಂದು ದಿನ ಕುದುರೆ ಏರಿದಳು. ಸುದ್ದಿ ನೇಸರಿಗೆ ಮುಟ್ಟಿದಾಗ ಅವಳ ತಾಯಿ, ಕುದುರೆ ಏರಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಹಣೆ ಹಣೆ ಬಡಿದುಕೊಂಡಳು. ಮಾಡಿಕೊಂಡವನು ಪಾರೀಸ. ಮಾಡಿಕೊಂಡದ್ದಷ್ಟೇ ಅಲ್ಲ, ತನ್ನ ಹೆಂಡತಿ ಕುದುರೆ ಓಡಿಸಿದವಳು ಎಂದು ನೂಲಿನ ವ್ಯಾಪಾರಿಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. ಇದನ್ನು ಮೊದಲೇ ಹೇಳಿಬಿಡಬೇಕು. ಪಾರೀಸ ಕೆಟ್ಟ ಗಂಡನಾಗಿದ್ದರೆ ಶಾಲನಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮದುವೆಯ ಮೇಲೆ ಕುದುರೆಯ ಮಾತು ಮಾತಾಗಿಯೇ ಉಳಿದಿತ್ತು. ಒಮ್ಮೆ ಪಾರೀಸ ಬೀಗರ ಮದುವೆಗೆಂದು ಕೋವಾಡಕ್ಕೆ ಹೋದವನು ಬರುವಾಗ ಹಾಲಿನ ಟೆಂಪೋದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಹೇರಿಸಿಕೊಂಡು ಬಂದ. ಅದು ಬೀರವ್ವನ ಕುದುರೆ. ಬೀರವ್ವ ಕುರಿ ಕಾಯುವ ಮನೆತನದ ಹೆಂಗಸು. ಮಳೆಗಾಲ ಬಂದರೆ ಕುರಿಗಳೊಂದಿಗೆ ಮೂಡಲ ಸೀಮೆಗೆ ಹೋಗುವುದು, ಮಳೆ ನಿಂತ ಮೇಲೆ ಮರಳುವುದು, ಹೀಗೇ ಅವಳ ಆಯುಷ್ಯ ಕಳೆದಿತ್ತು. ಹಟ್ಟಿಯ ಸಾಮಾನು ಹೊರಲು ಈಗ ಅವಳ ಮಕ್ಕಳು ಸಣ್ಣ ಟೆಂಪೋ ತೆಗೆದುಕೊಂಡಿದ್ದರು, ಕುದುರೆಗೆ ಕೆಲಸ ಉಳಿದಿರಲಿಲ್ಲ. ಬಾಗಿಲಲ್ಲಿ ನಿಂತ ಕುದುರೆಯನ್ನು ಕಂಡು ಶಾಲನ ಅತ್ತಳು. ಪಾರೀಸ ಆ ದಿನ ಮಗ್ಗದ ಶೆಡ್ಡಿನ ಕಡೆ ಹೋಗದೆ ಅವಳ ಪಕ್ಕದಲ್ಲೇ ಕೂತಿದ್ದ.

ಹರಣಿ ಎಂದು ಹೆಸರಿಟ್ಟರು. ಹೆಸರೇನೋ ಜಿಂಕೆಯದು, ನಡಿಗೆ ಮಾತ್ರ ತುಂಬಿದ ಕೊಡ ಒಂದೇ ಕಂಕುಳಲ್ಲಿ ಹೊತ್ತವರದು. ಎಡಕ್ಕೆ ವಾಲುತ್ತಿತ್ತು, ತಿರುವಿನಲ್ಲಿ ಎಡವುತ್ತಿತ್ತು, ತಲೆಯನ್ನು ಮುಂದಕ್ಕೆ ಚಾಚಿ ಮೈಭಾರವನ್ನೆಲ್ಲ ಮುಂಗಾಲಿನ ಮೇಲೆ ಹಾಕುತ್ತಿತ್ತು. ಶಾಲನ ಫೋನು ಮಾಡಿ ಕೇಳಿದಾಗ ಬೀರವ್ವ ಒಂದೇ ಮಾತಿನಲ್ಲಿ ಕಾರಣ ಹೇಳಿದಳು.

“ಎಡಕ್ಕ ಕುರಿಮರಿ ಚೀಲ, ಬಲಕ್ಕ ಹಾಸಿಗಿ ಗಂಟು, ಯಾವಾಗಲೂ ಹಂಗ ಹೇರತಿದ್ವಿ ತಂಗಿ. ಮರಿ ದೊಡ್ಡವಾಗಾವು, ಗಂಟು ಹಂಗ ಇರೂದು. ಅದರ ಮೈ ಆ ಕಡೆ ಕುಂತಬಿಟ್ಟೇತಿ.”

ಅಂಥ ಮೈಯನ್ನು ನೇರ ಮಾಡುವ ವಿದ್ಯೆಯನ್ನು ದಾದಾಸಾಹೇಬರು ಶಾಲನಳಿಗೆ ಕಲಿಸಿದ್ದರು. ಅದಕ್ಕೆ ಬೇಕಾದದ್ದು ಕೆಲವು ಬಿದಿರಿನ ಗಳ ಮತ್ತು ಬೆಟ್ಟದಷ್ಟು ತಾಳ್ಮೆ. ಮೊದಲು ಗಳಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಕುದುರೆಯನ್ನು ಅವುಗಳ ಮೇಲಿಂದ ನಡೆಸಬೇಕು. ಕಾಲು ಎಲ್ಲಿಡುವುದು ಎಂದು ಅದು ತಾನೇ ನೋಡಿಕೊಳ್ಳಲು ಶುರು ಮಾಡಿದ ಮೇಲೆ ಗಳಗಳನ್ನು ತುಸು ಎತ್ತರಿಸಿ, ಒಂದರ ಹಿಂದೆ ಒಂದು ಚಿಕ್ಕ ಚಿಕ್ಕ ಜಿಗಿತ ಮಾಡಿಸಬೇಕು. ಜಿಗಿದು ಇಳಿಯುತ್ತಲೇ ಮತ್ತೆ ಜಿಗಿಯಬೇಕಾದಾಗ ಕುದುರೆಗೆ ವಾಲಲು ಪುರುಸೊತ್ತೇ ಇರುವುದಿಲ್ಲ. ಭಾರವನ್ನು ಹಿಂಗಾಲಿಗೆ ತಂದುಕೊಳ್ಳುತ್ತದೆ, ಬೆನ್ನು ದುಂಡಗೆ ಏಳುತ್ತದೆ, ಎಡ ಬಲ ಸಮವಾಗುತ್ತವೆ. ಎತ್ತರ ಇಲ್ಲಿ ಲೆಕ್ಕಕ್ಕಿಲ್ಲ. ಗಳ ಎಂದರೆ ಕುದುರೆಗೆ ನೀನು ಕೊಟ್ಟ ಮಾತು, ಅದು ನೋಡಿಕೊಂಡ ಮೇಲೆ ಕದಲಿಸಬೇಡ ಎನ್ನುತ್ತಿದ್ದರು ದಾದಾಸಾಹೇಬರು. ಉಳಿದೆಲ್ಲ ಪಾಠ ಮರೆತರೂ ಶಾಲನ ಇದೊಂದನ್ನು ಮರೆತಿರಲಿಲ್ಲ.

ಆ ವರ್ಷ ಊರಿನ ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ನಿಂತರು. ಕಟ್ಟುವುದು, ಹೊಡೆಯುವುದು, ಹೊರಲಾರದ ಭಾರ ಹೇರುವುದು, ಮೇವು ನೀರು ತಪ್ಪಿಸುವುದು, ಪ್ರಾಣಿಗೆ ಮಾಡುವ ಇವೆಲ್ಲವೂ ದೋಷವೇ ಎಂದು ಪ್ರವಚನದಲ್ಲಿ ಬಿಡಿಸಿ ಹೇಳಿದರು. ಕೇಳಿದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಎದ್ದು ನಿಂತು, ಕೈಯಿಂದಾಗಲಿ ಕೋಲಿನಿಂದಾಗಲಿ ಯಾವ ಜೀವವನ್ನೂ ಹೊಡೆಯುವುದಿಲ್ಲ ಎಂದು ವ್ರತ ಹಿಡಿದರು. ಶಾಲನ ಮನೆಗೆ ಬಂದವಳೇ ಕುದುರೆ ಹೊಡೆಯುವ ಚಾಬೂಕನ್ನು ಒಲೆಗೆ ಹಾಕಿದಳು. ಅದನ್ನು ಅವಳು ಬಳಸಿದ್ದೇ ಇಲ್ಲ, ಆದರೂ ಮನೆಯಲ್ಲಿ ಇರುವುದು ಬೇಡ ಎನ್ನಿಸಿತು. ಚಾಬೂಕಿನ ಚರ್ಮ ಸುಟ್ಟ ವಾಸನೆಗೆ ಪಾರೀಸ ಮೂಗು ಮುಚ್ಚಿಕೊಂಡು ನಕ್ಕ.

ದಿನಗಳು ಚೆನ್ನಾಗಿದ್ದವು. ಮಗಳು ಹರ್ಷದಾ ಸವಾರಿ ಮಾಡುವಳು, ಶಾಲನ ನಡುವೆ ನಿಂತು ಹೇಳುವಳು, ಪಾರೀಸ ಶೆಡ್ಡಿನಲ್ಲಿ ಪಾಳಿ ಬದಲಾಗುವುದನ್ನು ನೋಡಿಕೊಂಡು ಮೋಟರ್‌ಸೈಕಲ್ ಏರಿ ಬಂದು ಗಳ ಜೋಡಿಸುವನು. ಬಿದ್ದ ಗಳವನ್ನು ಎತ್ತಿಡುವ ಕೆಲಸ ಅವನದೇ. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕುವುದು, ಇಲ್ಲಿ ಗಳ ಬಿದ್ದರೆ ಎತ್ತುವುದು, ನನ್ನ ಹಣೆಬರಹವೇ ಇಷ್ಟು ಎಂದು ನಗಿಸುವನು. ಹರಣಿ ಅವನ ಅಂಗಿಯ ಜೇಬಿಗೆ ಮೂತಿ ಹಾಕಿ ಬೆಲ್ಲ ಹುಡುಕುವಷ್ಟು ಸಲಿಗೆ ಬೆಳೆದಿತ್ತು. ಚಳಿ ಹಿಡಿಯುವ ಹೊತ್ತಿಗೆ ಅದರ ವಾಲು ಹೆಚ್ಚುಕಡಿಮೆ ಹೋಗಿತ್ತು. ಮೊಣಕಾಲೆತ್ತರದ ಗಳಗಳ ಸಾಲನ್ನು ಅದು ತೊಟ್ಟಿಲು ತೂಗಿದಷ್ಟು ಹದವಾಗಿ ದಾಟುವುದನ್ನು ನೋಡಿದರೆ ಶಾಲನಳ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು.

ಜನವರಿಯಲ್ಲಿ ಕೊಲ್ಹಾಪುರದಲ್ಲಿ ಕುದುರೆ ಜಿಗಿತದ ಸ್ಪರ್ಧೆಯೊಂದಿತ್ತು, ಸಣ್ಣ ಕುದುರೆಗಳಿಗೂ ಒಂದು ಗುಂಪು. ಸೇರಿಸೋಣ ಎಂದವನು ಪಾರೀಸ. ಶಾಲನ ಹೂಂ ಅಂದಳು. ಗೆಲ್ಲುವ ಆಸೆಯಿಂದಲ್ಲ, ಹೊಸ ಜಾಗದಲ್ಲೂ ಹರಣಿಯ ಸಮತೋಲ ನಿಲ್ಲುತ್ತದೆಯೇ ನೋಡಬೇಕಿತ್ತು. ಹೆಸರು ಕೊಡಲು ಕೊಲ್ಹಾಪುರಕ್ಕೆ ಹೋದ ಪಾರೀಸ ಮುಖ ಊದಿಸಿಕೊಂಡು ಬಂದ. ಅಲ್ಲಿ ಬಾಳಾಸಾಹೇಬ ಎಂಬ ಕುದುರೆ ಸಾಕಿದ ಸಾಹುಕಾರ, ಕುರಿ ಕಾಯುವವರ ತಟ್ಟು ಕುದುರೆಯನ್ನು ಜಿಗಿಸುತ್ತೀರಾ, ಗಳಕ್ಕೆ ಒಂದಿಷ್ಟು ಉಣ್ಣೆ ಕಟ್ಟಿ, ಗುರುತು ಹಿಡಿದೀತು ಎಂದು ಎಲ್ಲರೆದುರು ಗೇಲಿ ಮಾಡಿದ್ದ. ಶಾಲನ ಕೇಳಿ ನಕ್ಕು ಬಿಟ್ಟಳು. ಪಾರೀಸನಿಗೆ ನಗು ಬರಲಿಲ್ಲ.

ಅದೇ ಹೊತ್ತಿಗೆ ನೇಸರಿಯಲ್ಲಿ ಅವಳ ತಮ್ಮನ ಹೆಂಡತಿ ರುಪಾಲಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಕೈ ಬೇಕಿತ್ತು. ಶಾಲನ ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ ನೇಸರಿಗೆ ಹೋಗಿ, ಕೂಸಿನ ತೊಟ್ಟಿಲ ಶಾಸ್ತ್ರ ಮುಗಿಯುವ ತನಕ ಅಲ್ಲೇ ಉಳಿದಳು. ಹೊರಡುವಾಗ, ನೆಲದ ಮೇಲಿನ ಗಳಗಳ ಮೇಲೆ ನಡೆಸಿದರೆ ಸಾಕು, ನಾನು ಬರುವ ತನಕ ಎತ್ತರಿಸಬೇಡಿ ಎಂದು ಹೇಳಿ ಹೋಗಿದ್ದಳು. ಗಂಡನೂ ಮಗಳೂ ತಲೆಯಾಡಿಸಿದ್ದರು.

ತಿರುಗಿ ಬಂದ ಮರುದಿನ ಸವಳು ಹೊಲದ ಮೈದಾನದಲ್ಲಿ ಅವಳು ನಂಬಲಾರದಂಥದ್ದನ್ನು ನೋಡಿದಳು. ಮೊಣಕಾಲೆತ್ತರದ ಗಳವನ್ನು ಹರಣಿ ಎದೆಯೆತ್ತರಕ್ಕೆ ಹಾರಿತು. ಮುಂಗಾಲುಗಳನ್ನು ಎದೆಗೆ ಅವಚಿಕೊಂಡು, ಗಳಕ್ಕೂ ಗೊರಸಿಗೂ ನಡುವೆ ಒಂದು ಕುರಿ ನುಸುಳುವಷ್ಟು ಜಾಗ ಬಿಟ್ಟು ಹಾರಿತು.

“ನಿನ್ನ ಅಭ್ಯಾಸ ಈಗ ಅದರ ಮೈಗಿ ಹತ್ತೇತಿ ನೋಡ ಶಾಲನ,” ಅಂದ ಪಾರೀಸ.

ಅವಳು ನಂಬಿದಳು. ಕಲಿಸಿದ್ದು ನಾಲ್ಕು ದಿನದ ವಿಶ್ರಾಂತಿಯಲ್ಲಿ ಮೈಗೂಡುವುದುಂಟು. ಮನುಷ್ಯರಿಗೂ ಹಾಗೇ ಆಗುತ್ತದೆ. ಕುದುರೆ ಇಳಿಯುವಾಗ ಮತ್ತೆ ಎಡಕ್ಕೆ ಸೊಟ್ಟಗಾಗುತ್ತಿದ್ದುದು ಅವಳ ಕಣ್ಣಿಗೆ ಬಿತ್ತು, ಹೊಸ ಎತ್ತರಕ್ಕೆ ಹೊಂದಿಕೊಳ್ಳುತ್ತಿದೆ ಎಂದುಕೊಂಡಳು. ಹರಣಿ ಪಾರೀಸನ ಜೇಬಿನ ಕಡೆ ಮೂತಿ ಒಯ್ಯದ್ದೂ ಕಂಡಿತು, ಬೆಲ್ಲ ತಿಂದು ಸಾಕಾಗಿರಬೇಕು ಎಂದುಕೊಂಡಳು. ಸಂತೋಷ ಬಂದವರ ಕಣ್ಣಿಗೆ ಯಾರೂ ಮಣ್ಣೆರಚಬೇಕಾಗಿಲ್ಲ. ಅವಳು ದಾದಾಸಾಹೇಬರಿಗೆ ತಾನೇ ಫೋನು ಮಾಡಿ, ನೀವು ಕಲಿಸಿದ್ದು ಏನು ಮಾಡಿದೆ ಬಂದು ನೋಡಿ ಸರ್ ಎಂದು ಸ್ಪರ್ಧೆಗೆ ಕರೆದಳು.

ಸ್ಪರ್ಧೆಯ ದಿನ ಹರಣಿ ಒಂದು ಗಳವನ್ನೂ ಕೆಡವಲಿಲ್ಲ. ಸಣ್ಣ ಕುದುರೆಗಳ ಗುಂಪಿನಲ್ಲಿ ಗೆಲುವಿನ ಕಪ್ಪು ಅದಕ್ಕೇ ಬಂತು. ಕುರಿ ಕಾಯುವವರ ತಟ್ಟು ಎಂದು ನಕ್ಕಿದ್ದ ಬಾಳಾಸಾಹೇಬನೇ ಬಂದು ಪಾರೀಸನ ಕೈ ಕುಲುಕಿದ. ಪಾರೀಸ ಅಂಗಾಲು ನೆಲಕ್ಕೆ ತಾಗದಂತೆ ಓಡಾಡಿದ. ಹರ್ಷದಾ ಕುದುರೆಯಿಂದ ಇಳಿದು ಕಪ್ಪನ್ನು ತಾಯಿಯ ಕೈಗೆ ಕೊಟ್ಟಳು, ಆದರೆ ತಾಯಿಯ ಮುಖ ನೋಡಲಿಲ್ಲ. ಹುಡುಗಿಗೆ ದಣಿವಾಗಿದೆ ಎಂದುಕೊಂಡಳು ಶಾಲನ.

ಅಷ್ಟರಲ್ಲಿ ಮೈದಾನದ ಆಳೊಬ್ಬ ಮುಂದಿನ ಗುಂಪಿಗೆ ಜಾಗ ಸಜ್ಜು ಮಾಡಲು ಬಂದು, ಹರಣಿ ನಿಂತಿದ್ದ ಕಡೆಯ ಗಳವೊಂದನ್ನು ಬಗ್ಗಿ ಎತ್ತಿದ. ಕುದುರೆ ಹಿಂಗಾಲಿನ ಮೇಲೆ ಕುಸಿದು ಹಿಂದೆ ಹಿಂದೆ ಸರಿಯಿತು. ಲಗಾಮು ಹಿಡಿದಿದ್ದ ಶಾಲನ ಆ ಎಳೆತಕ್ಕೆ ಮುಗ್ಗರಿಸಿದಳು. ಹರಣಿಯ ಮೈಯೆಲ್ಲ ನಡುಗುತ್ತಿತ್ತು, ಕಣ್ಣು ಆ ಆಳಿನ ಮೇಲಲ್ಲ, ಅವನ ಕೈಯಲ್ಲಿದ್ದ ಗಳದ ಮೇಲಿತ್ತು.

ಇದನ್ನು ದಾದಾಸಾಹೇಬರು ನೋಡಿದರು. ಕೋಲೂರಿಕೊಂಡು ನಿಧಾನ ಬಂದು, ಬಗ್ಗಲಾರದ ಮೈಯನ್ನು ಬಗ್ಗಿಸಿ, ಕುದುರೆಯ ಮುಂಗಾಲನ್ನು ಮೊಣಕಾಲಿನಿಂದ ಕೆಳಗಿನವರೆಗೆ ಸವರಿದರು. ಎಲುಬಿನ ಮೇಲೆ ಒಂದು ಕಡೆ ಅವರ ಕೈ ನಿಂತಿತು. ಶಾಲನಳ ಕೈ ಹಿಡಿದು ಅಲ್ಲಿಡಿಸಿದರು. ಕೂದಲಿನ ಕೆಳಗೆ ಗಂಟು ಗಂಟಾಗಿ ಊದಿತ್ತು. ಕುದುರೆ ಹಾರುತ್ತಿರುವಾಗಲೇ ಗಳವನ್ನು ಮೇಲಕ್ಕೆತ್ತಿ ಕಾಲಿಗೆ ಬಡಿಸುವ ಒಂದು ಹಳೆಯ ಹಲ್ಕಟ್ ಉಪಾಯವಿದೆ. ನೋವಿನ ಭಯಕ್ಕೆ ಕುದುರೆ ಮುಂದಿನ ಸಲ ಬೇಕಾದದ್ದಕ್ಕಿಂತ ಎತ್ತರ ಹಾರುತ್ತದೆ. ಕಲಿಯುವ ಹುಡುಗಿಯಾಗಿದ್ದಾಗಲೇ ಅದನ್ನು ಅವಳಿಗೆ ಹೇಳಿ, ಮಾಡಿದರೆ ನನ್ನ ಹೆಸರು ಹೇಳಬೇಡ ಎಂದಿದ್ದವರು ಅವರೇ.

“ಹೇ ಮೀ ತುಲಾ ಶಿಕವಲಂ ನವ್ಹತಂ, ಶಾಲನ,” ಅಂದರು. ಇದನ್ನು ನಾನು ನಿನಗೆ ಕಲಿಸಿರಲಿಲ್ಲ.

ಅವಳು ಬಾಯಿ ತೆರೆಯುವುದರೊಳಗೆ ಅವರು ತಿರುಗಿದ್ದರು. ತರಿಸಿಟ್ಟ ಚಹಾ ಕೂಡ ಕುಡಿಯಲಿಲ್ಲ. ಕೈಯಲ್ಲಿ ಗೆದ್ದ ಕಪ್ಪು ಹಿಡಿದುಕೊಂಡು ನಿಂತವಳಿಗೆ ನಾನಲ್ಲ ಎನ್ನಲೂ ಬಾಯಿ ಬರಲಿಲ್ಲ. ನಾನಲ್ಲ ಎಂದರೆ ಮತ್ತೆ ಯಾರು ಎಂದು ಹೇಳಬೇಕಾಗುತ್ತಿತ್ತು. ಅವಳ ಮೈದಾನದಲ್ಲಿ ಗಳ ಮುಟ್ಟುವ ಕೈಗಳು ಎರಡೇ ಜೋಡಿ, ಅದರಲ್ಲಿ ಒಂದು ಅವಳದು.

ಟೆಂಪೋದಲ್ಲಿ ಇಚಲಕರಂಜಿಗೆ ಮರಳುವಾಗ ಅವಳು ಕೇಳಿದಳು. ಕೂಗಲಿಲ್ಲ, ಕೂಗಲು ಅವಳಿಗೆ ಬರುತ್ತಲೂ ಇರಲಿಲ್ಲ.

“ನಾ ನೇಸರಿಗಿ ಹೋದಾಗ ಏನ ಮಾಡಿದ್ರಿ?”

ಪಾರೀಸ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ತಪ್ಪೆಂದು ಅವನಿಗೂ ಗೊತ್ತಿದೆ ಎಂದಾದರೂ ಆಗುತ್ತಿತ್ತು. ಗೇಲಿ ಮಾಡಿಸಿಕೊಂಡು ಬಂದ ಸಿಟ್ಟಿನಲ್ಲಿ ಮೊಬೈಲಿನಲ್ಲಿ ಹುಡುಕಿದ್ದ, ಯಾರೋ ಮಾಡಿ ತೋರಿಸಿದ್ದನ್ನು ಕಂಡಿದ್ದ. ಬಿದಿರು ಹಗುರ ಎಂದು ಶೆಡ್ಡಿನಲ್ಲಿದ್ದ ಕಬ್ಬಿಣದ ಪೈಪಿಗೆ ಕೆಂಪು ಬಿಳಿ ಟೇಪು ಸುತ್ತಿ ಗಳದಂತೆ ಮಾಡಿದ್ದ. ಹರ್ಷದಾ ಸವಾರಿ ಮಾಡಿದ್ದಳು, ಇವನು ಒಂದು ತುದಿ ಹಿಡಿದು ನಿಂತಿದ್ದ. ಇಷ್ಟನ್ನು ಅವನು ಹೊಸ ಮಗ್ಗ ಕೂರಿಸಿದ ಕಥೆಯಂತೆ ಹೇಳಿದ.

“ವ್ರತಾ ಹಿಡದಿದ್ರೆಲ್ಲಾ, ನನ್ನ ಬಾಜೂಕ ನಿಂತು,” ಅಂದಳು ಶಾಲನ.

“ಮುರದಿಲ್ಲಲಾ. ಕೈಲೆ ಹೊಡದಿಲ್ಲ, ಕೋಲಲೆ ಹೊಡದಿಲ್ಲ. ನಾ ಗಳ ಎತ್ತಿ ಹಿಡದೆ ಅಷ್ಟ. ಅದ ಹಾರಕೋತ ಬಂದು ತಾನ ಬಡಕೊಂತು.” ಮತ್ತೆ ಅಂದ: “ಯಾರ ಸಲುವಾಗಿ ಮಾಡಿದೆ? ನಿನ್ನ ಕುದರಿ ನೋಡಿ ಮಂದಿ ನಗಬಾರದಂತ ಮಾಡಿದೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು, ಅದೇ ಶಾಲನಳ ಎದೆಯನ್ನು ಹಿಂಡಿತು. ಹೊಡೆಯುವುದಿಲ್ಲ ಎಂಬ ಮಾತನ್ನು ಅವನು ಕುದುರೆಗೆ ಕೊಟ್ಟಿರಲಿಲ್ಲ, ಮುನಿಗಳಿಗೂ ಕೊಟ್ಟಿರಲಿಲ್ಲ. ಬರೀ ಮಾತಿಗೆ ಕೊಟ್ಟಿದ್ದ, ಮಾತಿನಲ್ಲಿ ಒಂದು ಸಂದಿ ಸಿಕ್ಕಿದ ಕೂಡಲೇ ಅದರಲ್ಲಿ ತೂರಿಕೊಂಡಿದ್ದ. ಅವಳು ಮಗಳ ಕಡೆ ತಿರುಗಿದಳು. ಹರ್ಷದಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಮೊದಲನೇ ಸಲಾ ಬಡದಾಗ ನಾ ಅತ್ತೇನಿ ಮಮ್ಮಿ,” ಅಂದಳು. “ನಿನಗ ಹೇಳಬ್ಯಾಡ ಅಂದ್ರು ಪಪ್ಪಾ.”

ಎರಡನೇ ಸಲ ಏನು ಮಾಡಿದೆ ಎಂದು ಶಾಲನ ಕೇಳಲಿಲ್ಲ. ತಾನು ನೇಸರಿಯಲ್ಲಿ ಕೂಸಿಗೆ ನೀರೆರೆಯುತ್ತಿದ್ದ ಹೊತ್ತಿನಲ್ಲಿ ಮನೆಯವರಿಬ್ಬರೂ ಸೇರಿ ತನ್ನ ಬೆನ್ನ ಹಿಂದೆ ಇದನ್ನು ನಡೆಸಿದ್ದರು, ಆಮೇಲೆ ತನ್ನ ಖುಷಿಯನ್ನು ಪಕ್ಕದಲ್ಲಿ ನಿಂತು ನೋಡಿದ್ದರು. ತಾನು ಕುಣಿದಾಡಿ ಗುರುಗಳಿಗೆ ಫೋನು ಮಾಡಿದ್ದು ನೆನಪಾಗಿ ಅವಳಿಗೆ ಮೈಮೇಲೆ ಬಿಸಿನೀರು ಸುರಿದಂತಾಯಿತು.

ಮರುದಿನದಿಂದ ಅವಳು ಗಳಗಳನ್ನೆಲ್ಲ ಮತ್ತೆ ನೆಲಕ್ಕೆ ಇಳಿಸಿದಳು. ಕಬ್ಬಿಣದ ಪೈಪನ್ನು ಹುಡುಕಿ ಗುಜರಿಯವನಿಗೆ ಹಾಕಿದಳು. ಆದರೆ ಹರಣಿ ನೆಲದ ಮೇಲಿನ ಗಳದ ಹತ್ತಿರವೂ ಬರಲೊಲ್ಲದು. ಗಳದ ಪಕ್ಕ ಮನುಷ್ಯರು ನಿಂತಿದ್ದರೆ ಸಾಕು, ಮೈ ಬಿಗಿ ಹಿಡಿದು ನಿಲ್ಲುವುದು. ಶಾಲನ ನಿಂತಿದ್ದರೂ ಅಷ್ಟೇ. ಗಳ ಎತ್ತಿದ ಕೈ ಯಾರದು ಎಂದು ಕುದುರೆಗೇನು ಗೊತ್ತು? ಅದರ ಪಾಲಿಗೆ ಮನುಷ್ಯರ ಕೈಯೆಲ್ಲ ಒಂದೇ ಆಗಿತ್ತು. ತಾನು ಮಾಡದ ತಪ್ಪಿಗೆ ತನ್ನ ಕುದುರೆಯ ಕಣ್ಣಲ್ಲಿ ತಾನು ಕಳ್ಳಿಯಾದದ್ದು ಅವಳನ್ನು ಗಂಡನ ಮಾತಿಗಿಂತ ಹೆಚ್ಚು ಸುಟ್ಟಿತು. ದಾದಾಸಾಹೇಬರ ಮನೆಗೆ ಹೋಗಿ ಹೇಳಿಬರಬೇಕೆಂದು ಎಷ್ಟೋ ಸಲ ಸೀರೆ ಉಟ್ಟು ಸಿದ್ಧವಾದಳು. ಗಂಡನ ಮೇಲೆ ದೂರು ಹೇಳಿ ತನ್ನ ಮಾನ ಉಳಿಸಿಕೊಳ್ಳಲು ಮನಸ್ಸು ಬರದೆ ಮತ್ತೆ ಕೂತಳು.

ಗಳ ಇಟ್ಟು, ಕುದುರೆಯನ್ನು ಬಿಚ್ಚಿ ಬಿಟ್ಟು, ಶಾಲನ ಬೇಲಿಯಾಚೆ ಹೋಗಿ ನಿಲ್ಲುವಳು. ಅದಾಗಿಯೇ ದಾಟಿದರೆ ದಾಟಲಿ. ಬೇಸಿಗೆಯೆಲ್ಲ ಹೀಗೇ ಹೋಯಿತು. ಹರ್ಷದಾ ಒಂದು ದಿನ ತಾನಾಗಿ ಬಂದು, ಏರುವುದಿಲ್ಲ, ಬರೀ ಜೊತೆಗೆ ನಡೆಯುತ್ತೇನೆ ಎಂದು ಹಗ್ಗ ಹಿಡಿದಳು, ಕುದುರೆಯ ಕುತ್ತಿಗೆಗೆ ಮುಖ ಹಚ್ಚಿ ಬಹಳ ಹೊತ್ತು ನಿಂತಳು. ಶಾಲನ ಅವಳನ್ನು ತಡೆಯಲಿಲ್ಲ. ಮಳೆಗಾಲದ ಹೊತ್ತಿಗೆ ಹರಣಿ ಶಾಲನ ತೋಳಳತೆಯಲ್ಲಿ ನಿಂತಿದ್ದರೂ ಗಳ ದಾಟುವಷ್ಟಾಯಿತು. ಅವಳು ಬಗ್ಗಿ ಗಳ ಮುಟ್ಟಿದರೆ ಮಾತ್ರ ಓಡಿಬಿಡುತ್ತಿತ್ತು. ಎಡಗಡೆಯ ವಾಲು ಪೂರಾ ಮರಳಿ ಬಂದಿತ್ತು.

ಪಾರೀಸ ಮೈದಾನದ ಕಡೆ ಬರುವುದನ್ನು ಬಿಟ್ಟಿದ್ದ. ಹೆಂಡತಿ ಸುಮ್ಮನೆ ದೊಡ್ಡದು ಮಾಡುತ್ತಿದ್ದಾಳೆ ಎಂಬ ಬೇಸರ ಅವನಿಗೆ. ಕಪ್ಪನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದ. ಬಂದವರೆಲ್ಲ ಅದನ್ನು ನೋಡಿ ಹೊಗಳುವರು, ಶಾಲನ ಅವರಿಗೆ ಚಹಾ ತಂದುಕೊಡುವಳು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆ ದಿನ ಬಸದಿಯಲ್ಲಿ ಪೂಜೆಯ ನಂತರ ಎಲ್ಲರೂ ಎಲ್ಲರಿಗೂ ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳಬೇಕು. ಕೇಳಿಸಿಕೊಂಡವರು ಕ್ಷಮಿಸಿ, ತಾವೂ ಕೇಳಬೇಕು. ಇಲ್ಲವೆನ್ನುವ ರೂಢಿ ಇಲ್ಲ. ಅಂಗಡಿಯವರು ಗಿರಾಕಿಗಳಿಗೆ, ಅತ್ತೆಯರು ಸೊಸೆಯರಿಗೆ, ಬದುವಿಗಾಗಿ ಕೋರ್ಟು ಹತ್ತಿದ ದಾಯಾದಿಗಳು ಒಬ್ಬರಿಗೊಬ್ಬರು ಕೈ ಮುಗಿಯುತ್ತಿದ್ದರು. ಪಾರೀಸ ನಗುನಗುತ್ತ ಸಾಲಾಗಿ ಎಲ್ಲರಿಗೂ ಕೈಮುಗಿಯುತ್ತ ಬಂದ. ಪಕ್ಕದ ಮನೆಯ ವೃಷಾಲಿಗೆ ಮುಗಿದ, ಅವಳ ಮುಂದೆ ನಿಂತಿದ್ದ ಶಾಲನಳಿಗೂ ಮುಗಿದ. ಇಬ್ಬರಿಗೂ ಅದೇ ಎರಡು ಮಾತು, ಅದೇ ನಗು.

“ಉತ್ತಮ ಕ್ಷಮಾ,” ಅಂದ.

ಇಷ್ಟು ತಿಂಗಳು ಅವಳು ಕಾದದ್ದು ಈ ಕೇಳಿಕೆಗೇ. ಮನೆಯಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಪ್ಪಾತು ಎಂದೊಮ್ಮೆ ಅಂದಿದ್ದರೆ ಅವಳು ಅತ್ತುಬಿಡುತ್ತಿದ್ದಳು. ಈಗ ಸಾಲಿನಲ್ಲಿ ಬಂದಿತ್ತು. ಹಿಂದಿನವರು ಕಾಯುತ್ತಿದ್ದರು.

“ಉತ್ತಮ ಕ್ಷಮಾ,” ಅಂದಳು ಶಾಲನ, ಕೈಮುಗಿದು.

ಸಂಜೆ ಅವಳು ಹರಣಿಗೆ ಮೇವು ಹಾಕಲು ಹೊರಟಾಗ ಪಾರೀಸ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದ. ಬಹಳ ದಿನಗಳ ಮೇಲೆ ಅವನ ಮುಖ ಹಗುರವಾಗಿತ್ತು, ದಾರಿಯುದ್ದಕ್ಕೂ ಏನೇನೋ ಹೇಳಿ ತಾನೇ ನಕ್ಕ. ಮೈದಾನ ಬಂತು. ನೆಲದ ಮೇಲೆ ಗಳಗಳ ಸಾಲು ಕಂಡು, ಅವನು ಮೊದಲಿನಂತೆ ತೋಳು ಮಡಚಿದ.

“ಎಲ್ಲಾ ಮಾಫ್ ಆತಲ್ಲಾ, ನಾಳಿಂದ ಗಳ ನಾನ ಜೋಡಸ್ತೀನಿ ತಗೋ,” ಅಂದ.

“ನೀವು ಕ್ಷಮಾ ಅಂದ್ರಿ, ನಾನೂ ಅಂದೆ,” ಅಂದಳು ಶಾಲನ. “ನಿಮ್ಮಂಗ ನಾನೂ ಮಾತ ಮುರದಿಲ್ರಿ.”

ಪಾರೀಸ ಒಂದು ಕ್ಷಣ ನಗುತ್ತಲೇ ಇದ್ದ. ಆಮೇಲೆ, ಟೆಂಪೋದಲ್ಲಿ ತಾನಾಡಿದ ಮಾತೇ ಇದು ಎಂದು ಒಳಗೆ ಇಳಿಯಿತು. ಗಳದ ಕಡೆ ಬಗ್ಗಿದವನು ಅದನ್ನು ಮುಟ್ಟದೆ ನೆಟ್ಟಗಾದ. ಶಾಲನ ಮೇವಿನ ಬುಟ್ಟಿ ಎತ್ತಿಕೊಂಡು ಒಬ್ಬಳೇ ಕುದುರೆಯ ಹತ್ತಿರ ಹೋದಳು.